ಬ್ರೇಕ್ ಪ್ಯಾಡಿನ ಬಾಕ್ಸ್ ಓದೋಣ

ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಹೋಗಬೇಕು. ಶಿಡ್ಲಘಟ್ಟಕ್ಕೆ ಬೆಳಿಗ್ಗೆ ಬೇಗ ರೇಷ್ಮೆಗೂಡು ಮುಟ್ಟಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಂಗಳೂರು ಸೇರಬೇಕು. ಗೌರಿಬಿದನೂರು ಕಡೆಯವರು ವಿದುರಾಶ್ವತ್ಥಕ್ಕೆ ಹೋಗಿ ಹರಕೆ ತೀರಿಸಬೇಕು. ಎಲ್ಲಕ್ಕೂ ಗಾಡಿ ಬೇಕು.

ಹಿಂದೆ ಎತ್ತಿನ ಗಾಡಿ ಇತ್ತು. "ಹೋ" ಅಂದರೆ ಎತ್ತು ನಿಲ್ಲುತ್ತಿತ್ತು. ಈಗ ಕಾರು ಬಂದಿದೆ. 2005ರಿಂದ ಛೋಟಾ ಹಾಥಿ ಅನ್ನುವ ಸಣ್ಣ ಸಾಮಾನು ಗಾಡಿಯೂ ಬಂದಿದೆ. ಇವಕ್ಕೆ "ಹೋ" ಅಂದರೆ ಕೇಳಿಸುವುದಿಲ್ಲ. ಬ್ರೇಕು ಹಿಡಿದರೆ ಮಾತ್ರ ನಿಲ್ಲುತ್ತವೆ.

ಸಂಘದಲ್ಲಿ ಸಾಲ ಎತ್ತಿ ಗಾಡಿ ಕೊಂಡ ಮನೆಗಳಿವೆ. ಸಾಲದ ಪುಸ್ತಕದಲ್ಲಿ ಸಹಿ ಹೆಂಗಸರದು. ಕಂತು ಕಟ್ಟುವವರೂ ಅವರೇ. ಆದರೆ ಗಾಡಿ ಕೆಟ್ಟಾಗ, "ನಿನಗೇನು ಗೊತ್ತಾಗ್ತದೆ, ಸುಮ್ನಿರು" ಅನ್ನುತ್ತಾರೆ. ಗಾಡಿಯಲ್ಲಿ ಕೂತು ಹೋಗುವವರು ಯಾರು? ನಾವು. ನಮ್ಮ ಮಕ್ಕಳು. ನಮ್ಮ ಅತ್ತೆ, ಮಾವ. ಆದ್ದರಿಂದ ಅಕ್ಕಂದಿರೇ, ಈ ಪಾಠ ಬ್ರೇಕಿನದು. ರಿಪೇರಿಯನ್ನು ಮೆಕ್ಯಾನಿಕ್ ಮಾಡಲಿ. ಚಕ್ರಕ್ಕೆ ಯಾವ ಸಾಮಾನು ಹಾಕುತ್ತಾರೆ ಅಂತ ಓದಿ ನೋಡುವುದು ನಮ್ಮಿಂದ ಆಗುತ್ತದೆ.

ಬ್ರೇಕು ಹೇಗೆ ಹಿಡಿಯುತ್ತದೆ?

ಸೈಕಲ್ ನೋಡಿದ್ದೇವೆ. ಬ್ರೇಕ್ ಒತ್ತಿದರೆ ಎರಡು ರಬ್ಬರ್ ತುಂಡು ಚಕ್ರವನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಕಾರಿನಲ್ಲೂ ಹಾಗೆಯೇ. ಚಕ್ರದ ಒಳಗಡೆ ಒಂದು ಕಬ್ಬಿಣದ ತಟ್ಟೆ ಇರುತ್ತದೆ. ಅದು ಚಕ್ರದ ಜೊತೆಯೇ ತಿರುಗುತ್ತದೆ. ಇದಕ್ಕೆ ಡಿಸ್ಕ್ ಅನ್ನುತ್ತಾರೆ. ರೋಟರ್ ಅಂತಲೂ ಹೆಸರಿದೆ. ಡಿಸ್ಕಿನ ಆ ಕಡೆ ಒಂದು, ಈ ಕಡೆ ಒಂದು ಪ್ಯಾಡು. ನಾವು ಪೆಡಲ್ ತುಳಿದರೆ ಎರಡು ಪ್ಯಾಡುಗಳೂ ಡಿಸ್ಕನ್ನು ಒತ್ತಿ ಹಿಡಿಯುತ್ತವೆ. ಗಾಡಿ ನಿಲ್ಲುತ್ತದೆ.

ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಮಾತ್ರ ಡಿಸ್ಕ್ ಇರುತ್ತದೆ. ಹಿಂದಿನ ಚಕ್ರಗಳಿಗೆ ಡ್ರಮ್ ಇರುತ್ತದೆ. ಡ್ರಮ್ಮಿನ ಒಳಗಿನ ತುಂಡಿಗೆ ಬ್ರೇಕ್ ಶೂ ಅನ್ನುತ್ತಾರೆ. ಬಸ್ಸಿನಲ್ಲಿ ನಿಂತಾಗ ಡ್ರೈವರ್ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ಬೀಳುತ್ತೇವಲ್ಲ? ಗಾಡಿಯ ಭಾರವೂ ಹಾಗೇ ಮುಂದಕ್ಕೆ ಬೀಳುತ್ತದೆ. ಅದಕ್ಕೇ ಮುಂದಿನ ಬ್ರೇಕಿಗೆ ಕೆಲಸ ಜಾಸ್ತಿ.

ಇನ್ನು ಬಾವಿಯ ಹಗ್ಗ ನೆನೆಯಿರಿ. ತುಂಬಿದ ಬಿಂದಿಗೆ ಕೈಜಾರಿ ಹಗ್ಗ ಸರ್ರನೆ ಓಡಿದರೆ ಅಂಗೈ ಸುಡುತ್ತದೆ. ಉಜ್ಜಿದರೆ ಬಿಸಿ ಹುಟ್ಟುತ್ತದೆ. ಪ್ಯಾಡು ಡಿಸ್ಕನ್ನು ಉಜ್ಜುತ್ತದೆ. ಬಿಸಿ ಆಗುತ್ತದೆ. ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಬೀಸುವ ಕಲ್ಲು ಸವೆದ ಹಾಗೆ. ಪ್ಯಾಡು ಬೇಗ ಸವೆಯುತ್ತದೆ. ಡಿಸ್ಕ್ ನಿಧಾನವಾಗಿ ಸವೆಯುತ್ತದೆ.

ನಂದಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಇಳಿಯುವ ದಾರಿ ತುಂಬ ತಿರುವು. ಕೆಲವರು ಕೆಳಗಿನ ತನಕ ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟೇ ಇಳಿಯುತ್ತಾರೆ. ಪ್ಯಾಡು, ಡಿಸ್ಕು ಎರಡೂ ಕಾದು ಸುಟ್ಟ ವಾಸನೆ ಬರುತ್ತದೆ. ಅತಿಯಾಗಿ ಕಾದ ಪ್ಯಾಡು ಗಟ್ಟಿಯಾಗಿ ಹಿಡಿಯುವುದಿಲ್ಲ. ಎಷ್ಟು ತುಳಿದರೂ ಗಾಡಿ ಓಡುತ್ತದೆ. ಒಳ್ಳೆಯ ಪ್ಯಾಡಿಗೂ ಹೀಗೆ ಆಗಬಹುದು. ಕಳಪೆ ಪ್ಯಾಡಾದರೆ ಇನ್ನೂ ಬೇಗ. ಇಳಿಜಾರಿನಲ್ಲಿ ಒಂದನೇ ಗೇರು, ಎರಡನೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಅರ್ಧ ತಡೆಯುತ್ತದೆ. ಗೇರ್ ತೆಗೆದು, ಎಂಜಿನ್ ಆರಿಸಿ ಪೆಟ್ರೋಲ್ ಉಳಿಸುತ್ತೇವೆ ಅನ್ನುವವರ ಗಾಡಿ ಹತ್ತಬೇಡಿ.

ಸವೆದದ್ದು ಗೊತ್ತಾಗುವುದು ಹೇಗೆ?

ಕಿವಿ ಇದ್ದರೆ ಸಾಕು. ಬ್ರೇಕ್ ಹಿಡಿದಾಗಲೆಲ್ಲ "ಕೀಂ" ಅಂತ ಸದ್ದು ಬಂದರೆ ಪ್ಯಾಡು ಸವೆದಿರಬಹುದು. ಕೆಲವು ಪ್ಯಾಡಿಗೆ ಒಂದು ಸಣ್ಣ ತಗಡು ಇಟ್ಟಿರುತ್ತಾರೆ. ಪ್ಯಾಡು ತೆಳ್ಳಗಾದಾಗ ತಗಡು ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಇಟ್ಟಿರುವುದು. "ಕರಕರ" ಅಂತ ಕಬ್ಬಿಣ ಕೆರೆದ ಸದ್ದು ಬಂದರೆ ಪ್ಯಾಡು ಮುಗಿದಿರಬಹುದು. ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತಿರಬಹುದು. ಆಗ ಗಾಡಿ ಓಡಿಸಬಾರದು.

ಬಾಗಿಲ ತಿರುಗಣಿ ಕಿರ್ರೆಂದರೆ ನಾವು ಎಣ್ಣೆ ಬಿಡುತ್ತೇವೆ. ಬ್ರೇಕು ಕಿರ್ರೆಂದರೆ ಎಣ್ಣೆ ಬಿಡಬಾರದು. ಎಣ್ಣೆ ಬಿದ್ದ ಪ್ಯಾಡು ಜಾರುತ್ತದೆ, ಹಿಡಿಯುವುದಿಲ್ಲ. ಅಂಥ ಪ್ಯಾಡನ್ನು ಬಿಸಾಡಬೇಕು. ಒರೆಸಿ ಮತ್ತೆ ಹಾಕಬಾರದು.

ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕನ್ನು ನೋಡಿಸಬೇಕು. ಗಾಡಿ ಒಂದೇ ಕಡೆಗೆ ಎಳೆದರೂ ನೋಡಿಸಬೇಕು. ಸ್ಟೇರಿಂಗ್ ಮುಂದೆ ಕೆಂಪು ದೀಪ ಹತ್ತಿಕೊಂಡೇ ಇದ್ದರೆ ಮೊದಲು ಹ್ಯಾಂಡ್ ಬ್ರೇಕ್ ಬಿಟ್ಟಿದ್ದೇವಾ ನೋಡಿ. ಬಿಟ್ಟರೂ ಆರದಿದ್ದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ.

ಅಳತೆಯೂ ಕಷ್ಟವಿಲ್ಲ. ಮಕ್ಕಳ ಸ್ಕೇಲು ತೆಗೆದುಕೊಳ್ಳಿ. ಅದರ ಒಂದೊಂದು ಸಣ್ಣ ಗೆರೆ ಒಂದು ಮಿಲಿಮೀಟರ್. ಪ್ಯಾಡಿನ ಹಿಂದೆ ಒಂದು ಕಬ್ಬಿಣದ ಹಲಗೆ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಮೇಲೆ ಅಂಟಿಸಿದ ಕಪ್ಪು ಭಾಗವನ್ನು ಮಾತ್ರ ಅಳೆಯಿರಿ. ಹೊಸದರಲ್ಲಿ ಅದು ಸುಮಾರು 10 ಮಿಲಿಮೀಟರ್ ಇರುತ್ತದೆ. 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸುವುದು ಒಳ್ಳೆಯದು.

ಡಿಸ್ಕ್ ವಿಷಯ ಬೇರೆ. ಪ್ರತಿ ಸಲ ಪ್ಯಾಡಿನ ಜೊತೆ ಡಿಸ್ಕನ್ನೂ ಬದಲಾಯಿಸಬೇಕಾಗಿಲ್ಲ. "ಎರಡೂ ಹೋಗೈತೆ ಅಕ್ಕ" ಅಂತ ಯಾರಾದರೂ ಹೇಳಿದರೆ, "ಅಳತೆ ತೋರಿಸಪ್ಪ" ಅನ್ನಿ. ಎಷ್ಟೋ ಡಿಸ್ಕುಗಳ ಮೇಲೆಯೇ ಅದರ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರುತ್ತಾರೆ. ಇಂಗ್ಲಿಷಿನಲ್ಲಿ "ಮಿನ್" ಅಂತ ಇದ್ದು, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಈ ಅಂಕಿ ಗಾಡಿಯಿಂದ ಗಾಡಿಗೆ ಬೇರೆ. ಮೆಕ್ಯಾನಿಕ್ ಅಳೆದಾಗ ದಪ್ಪ ಆ ಅಂಕಿಗಿಂತ ಕಡಿಮೆ ಬಂದರೆ ಡಿಸ್ಕ್ ಬದಲಾಯಿಸಲೇಬೇಕು. ಬಿರುಕು ಬಿಟ್ಟಿದ್ದರೂ ಬದಲಾಯಿಸಬೇಕು. ದಪ್ಪ ಚೆನ್ನಾಗಿದ್ದು ಮೇಲೆ ಗೀರು ಮಾತ್ರ ಇದ್ದರೆ ಲೇತ್ ಯಂತ್ರದಲ್ಲಿ ಸಮ ಮಾಡಿಸಬಹುದು. ಸಮ ಮಾಡಿದ ಮೇಲೂ ದಪ್ಪ ಆ ಅಂಕಿಗಿಂತ ಮೇಲೇ ಇರಬೇಕು. ಅದನ್ನು ಕೇಳಿ ತಿಳಿದುಕೊಳ್ಳಿ.

ಪ್ಯಾಡು ಆಗಲಿ, ಡಿಸ್ಕ್ ಆಗಲಿ, ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಬೇಕು. ಒಂದಕ್ಕೆ ಹೊಸದು, ಒಂದಕ್ಕೆ ಹಳೆಯದು ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡು ಎತ್ತಿನಲ್ಲಿ ಒಂದು ಸೊರಗಿದರೆ ಗಾಡಿ ಏನಾಗುತ್ತಿತ್ತು, ನಮಗೆ ಗೊತ್ತೇ ಇದೆ.

ಅಂಗಡಿಯಲ್ಲಿ

ಅಕ್ಕ: ಅಣ್ಣಾ, ಕಾರಿಗೆ ಮುಂದಿನ ಬ್ರೇಕ್ ಪ್ಯಾಡ್ ಬೇಕಾಗಿತ್ತು.

ಅಂಗಡಿಯವರು: ಬನ್ನಿ ಅಕ್ಕ. ಯಾವ ಗಾಡಿ?

ಅಕ್ಕ: ಆರ್.ಸಿ. ತಂದಿದ್ದೀನಿ, ನೋಡಿ. ಗಾಡಿ ಹೆಸರು, ವರ್ಷ, ಪೆಟ್ರೋಲೋ ಡೀಸೆಲ್ಲೋ ಎಲ್ಲ ಇದರಲ್ಲೇ ಐತೆ. ಹಳೇ ಪ್ಯಾಡೂ ತಂದಿದ್ದೀನಿ.

ಅಂಗಡಿಯವರು: ತಗೊಳ್ಳಿ, ಇದು ಕೂರುತ್ತೆ. ಬಾಕ್ಸ್ ಇಲ್ಲ, ಅದಕ್ಕೇ ಅರ್ಧ ರೇಟು. ಮಾಲು ಒಂದೇ.

ಅಕ್ಕ: ಬಾಕ್ಸ್ ಇಲ್ಲದ್ದು ಬೇಡಣ್ಣ. ಬಾಕ್ಸ್ ಇರೋದು ಕೊಡಿ. ಬಿಲ್ಲೂ ಬೇಕು.

ಈ ಅಕ್ಕ ಮಾಡಿದ್ದು ಸರಿ. ಒಂದೇ ಹೆಸರಿನ ಕಾರಿಗೆ ಒಂದು ವರ್ಷ ಒಂದು ಬಗೆಯ ಪ್ಯಾಡು, ಇನ್ನೊಂದು ವರ್ಷ ಇನ್ನೊಂದು ಬಗೆ ಇರಬಹುದು. ಅದಕ್ಕೇ ಆರ್.ಸಿ. ಬೇಕು. ಹಳೆಯ ಪ್ಯಾಡನ್ನು ಹೊಸದರ ಮೇಲೆ ಇಟ್ಟು ನೋಡಿದರೆ ಆಕಾರ ಸರಿಯಿದೆಯೋ ಇಲ್ಲವೋ ಕಾಣುತ್ತದೆ. ಆದರೆ ಆಕಾರ ಕೂತ ಮಾತ್ರಕ್ಕೆ ಮಾಲು ಒಳ್ಳೆಯದು ಅಂತಲ್ಲ. ಒಳಗಿನ ಗುಣ ಕಣ್ಣಿಗೆ ಕಾಣುವುದಿಲ್ಲ. ಬಾಕ್ಸಿನ ಮೇಲಿನ ಬರಹವೇ ನಮಗೆ ಸಿಗುವ ಗುರುತು.

ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಶಾಲೆಯಲ್ಲಿ, ಬಸ್ಸಿನಲ್ಲಿ ಓದುವುದು ಕನ್ನಡ. ಬಾಕ್ಸಿನ ಮೇಲೆ ನೋಡಿದರೆ ಇಂಗ್ಲಿಷು! ಹೆದರಬೇಡಿ. ಅಂಕಿ ನಮಗೆ ಬರುತ್ತದೆ. ಬಸ್ಸಿನ ನಂಬರಿನಲ್ಲಿ, ಫೋನಿನಲ್ಲಿ ದಿನಾ ನೋಡುವ ಅಂಕಿಯೇ ಅದು. ಬೆಲೆ ಅಂಕಿಯಲ್ಲಿದೆ. ತಯಾರಾದ ತಿಂಗಳು, ವರ್ಷ ಅಂಕಿಯಲ್ಲಿ ಇರುತ್ತದೆ. ಸಾಮಾನಿನ ನಂಬರ್, ಅಂದರೆ ಪಾರ್ಟ್ ನಂಬರ್, ಅದರಲ್ಲೂ ಅಂಕಿ ಇದೆ. ಇಂಗ್ಲಿಷ್ ಅಕ್ಷರಕ್ಕೆ ಶಾಲೆಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳಿಗೂ ಹೆಮ್ಮೆ.

ಬಾಕ್ಸಿನಲ್ಲಿ ಕಟ್ಟಿ ಮಾರುವ ಸಾಮಾನಿನ ಮೇಲೆ ಏನೇನು ಬರೆದಿರಬೇಕು ಅಂತ ಸರ್ಕಾರದ ನಿಯಮ ಇದೆ. 2011ರ ನಿಯಮ ಅದು. ಮಾಡಿದವರ ಹೆಸರು, ವಿಳಾಸ. ಒಳಗೆ ಏನಿದೆ, ಎಷ್ಟಿದೆ. ಯಾವ ತಿಂಗಳು, ಯಾವ ವರ್ಷ. ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ ಎಷ್ಟು. ದೂರು ಹೇಳಲು ಯಾರಿಗೆ ಫೋನ್ ಮಾಡಬೇಕು. ಎಂ.ಆರ್.ಪಿ. ಅನ್ನುವುದು ಗರಿಷ್ಠ ಬೆಲೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿಲ್ಲ. ಕಡಿಮೆಗೆ ಕೊಡಬಹುದು. ಕೇಳಿ ನೋಡಿ.

ಮುಂದಿನ ಎರಡು ಚಕ್ರಕ್ಕೆ ಪ್ಯಾಡು ನಾಲ್ಕು. ಬಾಕ್ಸಿನಲ್ಲಿ ನಾಲ್ಕು ಇದೆಯೇ ಎಣಿಸಿ. ಬಾಕ್ಸಿನ ನಂಬರನ್ನೂ ಪ್ಯಾಡಿನ ಮೇಲಿನ ಹೆಸರನ್ನೂ ಹೋಲಿಸಿ. ಅಚ್ಚು ಮಸುಕಾಗಿದ್ದರೆ, ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆಗಿದ್ದರೆ ಅದು ನಕಲಿ ಮಾಲು ಇರಬಹುದು. ಬೇಡ ಅನ್ನಿ.

ಕಾರಿನ ಕಂಪನಿಯೇ ಮಾರುವ ಪ್ಯಾಡು ಒಂದು ಬಗೆ. ಬಾಷ್, ರಾಣೆ, ಬ್ರೆಂಬೊ ಇಂಥ ಹೆಸರಿನ ಪ್ಯಾಡುಗಳು ಇನ್ನೊಂದು ಬಗೆ. ಇವು ಎರಡರಲ್ಲಿ ಯಾವುದಾದರೂ ಆಗಬಹುದು. ನಮ್ಮ ಗಾಡಿಗೇ ಅಂತ ಬರೆದಿರಬೇಕು, ಅಷ್ಟೆ. ಬೆಂಗಳೂರಿನ ಜೆ.ಸಿ. ರಸ್ತೆ ಗಾಡಿ ಸಾಮಾನಿಗೆ ಹೆಸರಾದ ಬೀದಿ. ಅಲ್ಲಿಂದ ತಂದದ್ದು ಅಂದ ತಕ್ಷಣ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬಾಕ್ಸ್ ಓದಬೇಕು. ಸೆರಾಮಿಕ್ ಪ್ಯಾಡ್, ತೂತು ಕೊರೆದ ಡಿಸ್ಕ್ ಅಂತ ದುಬಾರಿ ಮಾಲು ತೋರಿಸಿದರೆ ಮರುಳಾಗಬೇಡಿ. ಟೊಮೆಟೊ ಹೊರುವ ಗಾಡಿಗೆ, ಮನೆ ಮಂದಿ ಕೂರುವ ಕಾರಿಗೆ, ಕಂಪನಿ ಹೇಳಿದ ಬಗೆಯೇ ಸಾಕು.

ಬಾಕ್ಸಿನ ಮೇಲೆ "ಆಸ್ಬೆಸ್ಟಾಸ್ ಇಲ್ಲ" ಅಂತ ಬರೆದಿರುವುದನ್ನೇ ಕೊಳ್ಳಿ. ಆಸ್ಬೆಸ್ಟಾಸ್ ಅನ್ನುವುದು ಒಂದು ಕಲ್ಲುನಾರು. ಹಿಂದೆ ಬ್ರೇಕಿನ ಸಾಮಾನಿಗೆ ಅದನ್ನು ಬಹಳ ಹಾಕುತ್ತಿದ್ದರು. ಅದರ ದೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶದ ರೋಗ ಬರುತ್ತದೆ. ಕ್ಯಾನ್ಸರ್ ಕೂಡ ಬರಬಹುದು. ಮನೆಯಲ್ಲಿ ಮೆಕ್ಯಾನಿಕ್ ಇದ್ದರೆ ಅವರ ಬಟ್ಟೆ ಒಗೆಯುವವರು ನಾವೇ ತಾನೆ? ಆ ಬಟ್ಟೆಯನ್ನು ಕೊಡವಬೇಡಿ. ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆಯಿರಿ. ಚಕ್ರದ ದೂಳನ್ನು ಗಾಳಿ ಹೊಡೆದು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಅಂತ ಅವರಿಗೂ ಹೇಳಿ.

ಪ್ಯಾಡು ಹಾಕಿಸುವಾಗ ಬ್ರೇಕ್ ಆಯಿಲ್ ಕೂಡ ನೋಡಿಸಿ. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದರೆ ಬೇಗ ಕುದಿಯುತ್ತದೆ, ಬ್ರೇಕ್ ಮೆತ್ತಗಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ಇರುತ್ತದೆ. ಗಾಡಿಯ ಪುಸ್ತಕದಲ್ಲಿ ಯಾವ ಅಂಕಿ ಇದೆಯೋ ಅದನ್ನೇ ಹಾಕಿಸಿ.

ಕೆಲಸ ಮುಗಿದ ಮೇಲೆ ಗಾಡಿ ನಿಂತಲ್ಲೇ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು. ಪೆಡಲ್ ಗಟ್ಟಿಯಾದ ಮೇಲೇ ಗಾಡಿ ಕದಲಬೇಕು. ಇದನ್ನು ಮರೆತರೆ ಮೊದಲ ಸಲ ತುಳಿದಾಗ ಬ್ರೇಕ್ ಹಿಡಿಯುವುದೇ ಇಲ್ಲ. ಮೊದಲ 200, 300 ಕಿಲೋಮೀಟರ್ ಮೆಲ್ಲಗೆ ಓಡಿಸಲಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಅಷ್ಟು ಓಟ ಬೇಕು. ಅದೇ ದಿನ ನಂದಿ ಬೆಟ್ಟಕ್ಕೆ ಹೋಗುವುದು ಬೇಡ.

ಬಿಲ್ಲನ್ನು ಆರ್.ಸಿ. ಜೊತೆಯಲ್ಲೇ ಇಡಿ. ಮಾಲು ಕೆಟ್ಟದ್ದು ಬಂದು ಅಂಗಡಿಯವರು ಕೇಳದಿದ್ದರೆ 1915 ನಂಬರಿಗೆ ಫೋನ್ ಮಾಡಬಹುದು. ಇದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಮೊದಲು 1986ರ ಕಾನೂನು ಇತ್ತು. ಈಗ 2019ರ ಕಾನೂನು ಇದೆ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಐದು ಲಕ್ಷ ರೂಪಾಯಿ ತನಕದ ಮಾಲಿಗೆ ಶುಲ್ಕ ಇಲ್ಲ. ಬಿಲ್ಲು ಇಲ್ಲದಿದ್ದರೆ ಮಾತ್ರ ಹೇಳುವುದು ಕಷ್ಟ.

ಓದಿ, ಉತ್ತರ ಹೇಳಿ

ಇದು ಓದುವ ಅಭ್ಯಾಸಕ್ಕೆ ನಾವೇ ಬರೆದ ಚೀಟಿ.

ಸಾಮಾನು: ಬ್ರೇಕ್ ಪ್ಯಾಡ್, ಮುಂದಿನ ಚಕ್ರ
ಸಂಖ್ಯೆ: 4
ತಯಾರಾದದ್ದು: 03/2025
ಎಂ.ಆರ್.ಪಿ.: ರೂ. 1,450 (ಎಲ್ಲ ತೆರಿಗೆ ಸೇರಿ)
ಆಸ್ಬೆಸ್ಟಾಸ್ ಇಲ್ಲ

1. ಇದು ಯಾವ ತಿಂಗಳಲ್ಲಿ ತಯಾರಾಯಿತು?

2. ಅಂಗಡಿಯವರು 1,500 ರೂಪಾಯಿ ಕೇಳಿದರು. ಎಷ್ಟು ಹೆಚ್ಚು ಕೇಳಿದರು? ನೀವು ಏನು ಹೇಳುತ್ತೀರಿ?

3. 1,320 ರೂಪಾಯಿಗೆ ಕೊಟ್ಟರು. ಹಾಕುವ ಕೂಲಿ 400 ರೂಪಾಯಿ. ಒಟ್ಟು ಎಷ್ಟಾಯಿತು?

4. ಈ ಚೀಟಿಯಲ್ಲಿ ಇರಲೇಬೇಕಾದ ಎರಡು ವಿಷಯ ಬಿಟ್ಟು ಹೋಗಿವೆ. ಪಾಠವನ್ನು ಮತ್ತೆ ಓದಿ, ಯಾವುವು ಅಂತ ಹುಡುಕಿ ಬರೆಯಿರಿ.

5. ನಿಮ್ಮ ಮನೆಯ ಗಾಡಿಯ, ಇಲ್ಲವೇ ಪಕ್ಕದ ಮನೆಯ ಗಾಡಿಯ ಆರ್.ಸಿ. ಕೇಳಿ ತನ್ನಿ. ಗಾಡಿಯ ವರ್ಷವನ್ನು ಇಲ್ಲಿ ಬರೆಯಿರಿ: ............