ಹುಟ್ಟುವ ದಿನ ಗೊತ್ತುಮಾಡುವವರು ಯಾರು?

ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಎಂದರೆ ಈಗ ಹಲವರಿಗೆ 2017ರಲ್ಲಿ ಆರಂಭವಾದ ವಿಮಾನ ಪರೀಕ್ಷಾ ಕೇಂದ್ರ ನೆನಪಾಗುತ್ತದೆ. ಅದಕ್ಕೂ ಮೊದಲಿನಿಂದ ಅದು ಕುರಿ, ದನಗಳ ಮೇವಿನ ನೆಲ. ಅಲ್ಲಿನ ಕುರಿಗಾಹಿಗಳ ಮಕ್ಕಳಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು: ಗಬ್ಬವಾದ ಕುರಿ ಸುಮಾರು ಐದು ತಿಂಗಳಿಗೆ ಈಯುತ್ತದೆ. ದಿನ ತುಂಬಿತೆಂದು ತೀರ್ಮಾನಿಸುವುದು ಯಾರು? ತಾಯಿ ಕುರಿಯೇ? ಅಲ್ಲ, ಹೊಟ್ಟೆಯೊಳಗಿನ ಮರಿ!

ಮರಿಯ ಮಿದುಳಿನ ತಳದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ನಮ್ಮಲ್ಲೂ ಇದೆ, ದೊಡ್ಡವರಲ್ಲಿ ಅದು ಬಟಾಣಿ ಕಾಳಿನಷ್ಟು. ಅದು ಹಾರ್ಮೋನುಗಳೆಂಬ ರಾಸಾಯನಿಕಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಸಾಗಿಸಲು ನಾಳವಿಲ್ಲ. ಆದ್ದರಿಂದಲೇ ಇದು ನಿರ್ನಾಳ ಗ್ರಂಥಿ.

1960ರ ದಶಕದಲ್ಲಿ ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ ಗರ್ಭದಲ್ಲಿದ್ದ ಕುರಿಮರಿಗಳ ಪಿಟ್ಯುಟರಿಯನ್ನು ಶಸ್ತ್ರಚಿಕಿತ್ಸೆಯಿಂದ ನಾಶಮಾಡಿ ನೋಡಿದರು. ದಿನ ತುಂಬಿದರೂ ಕುರಿಗಳು ಈಯಲಿಲ್ಲ! ಮರಿ ಒಳಗೇ ಬೆಳೆಯುತ್ತಾ ಹೋಯಿತು. ಬೇರೆ ಮರಿಗಳಿಗೆ ಪಿಟ್ಯುಟರಿಯ ಒಂದು ಹಾರ್ಮೋನನ್ನು (ಎ.ಸಿ.ಟಿ.ಎಚ್.) ಕೊಟ್ಟಾಗ ಅವು ದಿನಕ್ಕಿಂತ ಮುಂಚೆಯೇ ಹುಟ್ಟಿದವು. ಈ ಹಾರ್ಮೋನು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುತ್ತದೆ. ಅಡ್ರಿನಲ್ ಕಾರ್ಟಿಸಾಲ್ ತಯಾರಿಸುತ್ತದೆ. ಅದರಿಂದ ಮಾಸಿನಲ್ಲಿ (ಜರಾಯು) ಬದಲಾವಣೆಯಾಗಿ ಗರ್ಭಕೋಶ ಹಿಂಡತೊಡಗುತ್ತದೆ.

ಮನುಷ್ಯರ ಮಗುವಿನಲ್ಲಿ ಏನಾಗುತ್ತದೆ? ಗರ್ಭದ ಎರಡನೆಯ ತಿಂಗಳ ಹೊತ್ತಿಗೆ ಬಾಯಿಯ ಮೇಲ್ಛಾವಣಿಯಿಂದ ಒಂದು ಚಿಕ್ಕ ಚೀಲ ಮೇಲಕ್ಕೆ ಚಾಚುತ್ತದೆ. ಮಿದುಳಿನಿಂದ ಒಂದು ಎಳೆ ಕೆಳಗಿಳಿಯುತ್ತದೆ. ಎರಡೂ ಕೂಡಿದರೆ ಪಿಟ್ಯುಟರಿ. ಬಾಯಿಯಿಂದ ಹುಟ್ಟಿದ ಗ್ರಂಥಿ ಮಿದುಳಿಗೆ ಅಂಟಿಕೊಳ್ಳುವುದು ಸೋಜಿಗವಲ್ಲವೇ! ಮೂರು ತಿಂಗಳು ತುಂಬುವ ವೇಳೆಗೆ ಅದು ಎ.ಸಿ.ಟಿ.ಎಚ್., ಬೆಳವಣಿಗೆಯ ಹಾರ್ಮೋನು ಮುಂತಾದವನ್ನು ತಯಾರಿಸುತ್ತಿರುತ್ತದೆ. ಆದರೆ ನಮ್ಮ ಹೆರಿಗೆ ಕುರಿಯದರಷ್ಟು ಸರಳವಲ್ಲ. ಇಲ್ಲಿ ಮಾಸಿನ ಹಾರ್ಮೋನುಗಳ ಪಾತ್ರವೂ ದೊಡ್ಡದು.

ಲಿಗಿನ್ಸ್ ಇನ್ನೊಂದನ್ನೂ ಗಮನಿಸಿದರು. ಬದುಕಲಾರದಷ್ಟು ಬೇಗ ಹುಟ್ಟಿದ ಒಂದು ಮರಿ ಉಸಿರಾಡುತ್ತಿತ್ತು. ಕಾರ್ಟಿಸಾಲಿನಂಥ ಹಾರ್ಮೋನು ಅದರ ಶ್ವಾಸಕೋಶವನ್ನು ಬೇಗನೆ ಬಲಿಯುವಂತೆ ಮಾಡಿತ್ತು! 1972ರಲ್ಲಿ ಅವರು ಮತ್ತು ರಾಸ್ ಹೋವಿ, ಅವಧಿಗೆ ಮುಂಚೆ ಹೆರಿಗೆಯಾಗಲಿದ್ದ ತಾಯಂದಿರಿಗೆ ಇಂಥದೇ ಔಷಧಿಯ ಚುಚ್ಚುಮದ್ದು ಕೊಟ್ಟ ಫಲಿತಾಂಶ ಪ್ರಕಟಿಸಿದರು. ಉಸಿರಾಟದ ತೊಂದರೆಯಿಂದ ಸಾಯುತ್ತಿದ್ದ ಎಷ್ಟೋ ಹಸುಗೂಸುಗಳು ಉಳಿದವು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಅಂಥ ತಾಯಂದಿರಿಗೆ ಈ ಚುಚ್ಚುಮದ್ದು ಕೊಡುತ್ತಾರೆ.