ಬಿಟ್ಟ ಮೇಲಿನ ಸಂಜೆಗಳು

ಕುಡಿತ ಬಿಡಿಸುವ ದಾರಿಗಳಿಗೆ ನಮ್ಮ ಭಾಗದಲ್ಲಿ ಬರವಿಲ್ಲ. ಅಥಣಿ, ಕಾಗವಾಡ ಕಡೆ ಎಷ್ಟೋ ಮಂದಿ ಕುಡಿತ ಬಿಟ್ಟು ವಿಠ್ಠಲನ ತುಳಸಿಮಾಲೆ ಹಾಕಿಕೊಂಡು ಮಾಳಕರಿ ಆಗುತ್ತಾರೆ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆಣೆ, ಮಾಲೆ, ಜೋಳಿಗೆ ಎಲ್ಲಕ್ಕೂ ನಾನು ಕೈ ಮುಗಿಯುತ್ತೇನೆ. ಆದರೆ ಬಿಟ್ಟವನು ಮರುದಿನ ಸಂಜೆ ಏಳಕ್ಕೆ ಎಲ್ಲಿ ಹೋಗಿ ಕೂರಬೇಕು?

ನಾನು ರಾಯಬಾಗ ತಾಲೂಕಿನ ಕಬ್ಬು ಬೆಳೆಗಾರ. ನನ್ನ ಗೆಳೆತನ, ವ್ಯವಹಾರ, ಜಗಳ, ರಾಜಿ ಎಲ್ಲವೂ ನಡೆಯುತ್ತಿದ್ದುದು ಬಾಟಲಿಯ ಸುತ್ತಲೇ. ಫ್ಯಾಕ್ಟರಿಯಿಂದ ಬಿಲ್ ಜಮಾ ಆಯಿತೆಂದರೆ ಫೋನು ಬರುತ್ತಿತ್ತು. ಬಾಟಲಿ ತೆಗೆದಿಟ್ಟಾಗ ಆ ಮಂದಿಯೂ ಹೋದರು. ಹೊಸ ಮಂದಿ ಬೇಕಾಯಿತು.

ಕುಡಿತ ಬಿಟ್ಟವರ ಸಭೆಯ ವಿಷಯಕ್ಕೆ ಬರುವ ಮೊದಲು ಒಂದು ಮಾತು ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಗಾಬರಿ ಹೆಚ್ಚಿ ಜೀವಕ್ಕೇ ಕುತ್ತಾಗಬಹುದು. ಡಾಕ್ಟರ ಕಣ್ಣಳತೆಯಲ್ಲಿ ಬಿಡಬೇಕು. ಮನೆಯವರು ಸಿಟ್ಟಿನಿಂದಲೋ ಪ್ರೀತಿಯಿಂದಲೋ ಸಾರಿನಲ್ಲಿ ಗುಟ್ಟಾಗಿ ಕುಡಿತ ಬಿಡಿಸುವ ಮಾತ್ರೆ ಕಲಸುವುದುಂಟು. ಅದರ ಮೇಲೆ ಅವನು ಕುಡಿದರೆ ಪ್ರಾಣಕ್ಕೆ ಬರುತ್ತದೆ, ದಯವಿಟ್ಟು ಬೇಡ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೋಗಿ ವಿಚಾರಿಸಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ನನಗೆ ಸಭೆಯ ಸುಳಿವು ಸಿಕ್ಕಿದ್ದು ನನ್ನ ಹೆಂಡತಿಯಿಂದ. ಅವಳ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಯಾರ ಗಂಡ ಎಲ್ಲಿ ಬಿಟ್ಟ, ಹೇಗೆ ಬಿಟ್ಟ ಎಂಬುದೆಲ್ಲ ಗೊತ್ತಿತ್ತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯವರು ಊರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇರುತ್ತದೆ. ಎಂಟು ದಿನದ ಶಿಬಿರವನ್ನು ಎಲ್ಲರೂ ಹೊಗಳುತ್ತಾರೆ, ಸಮಿತಿಯನ್ನು ಮಾತ್ರ ಮರೆಯುತ್ತಾರೆ. ನನ್ನ ಮಟ್ಟಿಗೆ ಮನುಷ್ಯನನ್ನು ಉಳಿಸುವುದು ಆಮೇಲಿನ ಆ ಕೂಟವೇ.

ಊರಲ್ಲಿ ಕಾಣಿಸಿಕೊಳ್ಳಲು ನನಗೆ ಧೈರ್ಯ ಸಾಲದೆ, ಮೊದಲು ಹೋದದ್ದು ಗಡಿಯಾಚೆ ಮಿರಜ್ ಕಡೆಯ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೆ. ಕುಡಚಿ, ಉಗಾರ, ಶೇಡಬಾಳ ದಾಟಿ ರೈಲಿನಲ್ಲಿ ಹೋಗಬಹುದು. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಒಳಗೆ ಹೋದ ತಕ್ಷಣ ಒಬ್ಬ ಹಿರಿಯರು ಚಹಾ ಕೊಟ್ಟರು, ಅರ್ಧ ಕಪ್ಪು ಮಾತ್ರ. ಕೈ ನಡುಗುವವನಿಗೆ ತುಂಬಿದ ಕಪ್ಪು ಕೊಟ್ಟರೆ ಎಲ್ಲರೆದುರು ಚೆಲ್ಲಿಕೊಳ್ಳುತ್ತಾನೆಂದು ಅವರಿಗೆ ಗೊತ್ತಿತ್ತು. ಅಷ್ಟರಲ್ಲೇ ನನಗೆ ತಿಳಿಯಿತು, ಇಲ್ಲಿರುವವರೆಲ್ಲ ನನ್ನಂಥವರೇ. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ, ಅಡ್ಡಹೆಸರು ಕೇಳುವವರಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕೊನೆಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ; ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಎಲ್ಲರೂ ಮರಾಠಿಯಲ್ಲಿ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ತಡವರಿಸಿದೆ. ಪಕ್ಕದಲ್ಲಿದ್ದವರು, "ಕನ್ನಡದಾಗ ಮಾತಾಡ್ರಿ ಅಣ್ಣಾ, ನಮಗ ತಿಳೀತದ" ಎಂದರು.

ಹಾಗಂತ ದೂರದ ಸಭೆಯೊಂದನ್ನೇ ನಂಬಿ ಕೂರಬಾರದು. ಗುರುತಿಲ್ಲದ ಊರು ಆರಂಭಕ್ಕೆ ಒಳ್ಳೆಯದು, ನಾಚಿಕೆ ಕಳೆಯುತ್ತದೆ. ಆದರೆ ಕಬ್ಬಿನ ಸೀಸನ್ ಶುರುವಾಗಿ ಟ್ರ್ಯಾಕ್ಟರ್ ಗದ್ದಲದಲ್ಲಿ ಎರಡು ವಾರ ರೈಲು ತಪ್ಪಿತೋ, ಕೈ ಬಾಟಲಿಯನ್ನು ಹುಡುಕತೊಡಗುತ್ತದೆ. ಹತ್ತಿರದಲ್ಲಿ, ಅದೇ ವಾರ, ಅದೇ ಹೊತ್ತಿಗೆ ಕೂರುವ ನಾಲ್ಕು ಜನ ಬೇಕು.

ನಾಲ್ಕು ಜನ ಸಿಗದಿದ್ದರೆ ಇಬ್ಬರೂ ಸಾಕು. ಎ.ಎ. ಹುಟ್ಟಿದ್ದೇ ಇಬ್ಬರಿಂದ. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ವ್ಯವಹಾರಕ್ಕೆಂದು ಹೋಗಿದ್ದ ಬಿಲ್ ವಿಲ್ಸನ್ ಕೆಲಸ ಕೆಟ್ಟು ಹೋಟೆಲಿನಲ್ಲಿ ಒಬ್ಬಂಟಿಯಾಗಿ ನಿಂತಿದ್ದ, ಎದುರಿಗೇ ಬಾರು. ಕುಡಿಯದಿರಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಲೇಬೇಕೆಂದು ಫೋನಿನ ಮೇಲೆ ಫೋನು ಮಾಡಿದ. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಆ ಜೂನ್ 10ರಂದು ಡಾಕ್ಟರು ಕೊನೆಯ ಸಲ ಕುಡಿದರು; ಅದೇ ಎ.ಎ. ಹುಟ್ಟಿದ ದಿನ. ಬಿಲ್ ಹೋದದ್ದು ಅವರನ್ನು ಉದ್ಧಾರ ಮಾಡಲಿಕ್ಕಲ್ಲ, ತಾನು ಉಳಿಯಲಿಕ್ಕೆ. ನಾನು ಇದನ್ನು ಬಹಳ ಸಲ ನೆನೆಯುತ್ತೇನೆ.

ಹಾಗೆಯೇ ಚಿಕ್ಕೋಡಿ ಕಡೆಯ ಒಬ್ಬ ಮೇಸ್ತ್ರಿ, ನಾನು ಕೂತು ಮಾತಾಡಲು ಶುರುಮಾಡಿದೆವು. ಈಗ ಮೂರು ತಾಲೂಕಿನವರು ಬರುತ್ತಾರೆ. ಮನೆಯವರಿಗೂ ಬೇರೆ ಕೂಟ ಬೇಕು. ಹೊರದೇಶದಲ್ಲಿ 1951ರಲ್ಲೇ ಅಲ್-ಅನಾನ್ ಎಂದು ಅದಕ್ಕಾಗಿಯೇ ಕಟ್ಟಿದರು. ಗಂಡ ಬಿಟ್ಟ ಮೇಲೂ ಬಾಗಿಲ ಸಪ್ಪಳಕ್ಕೆ ಬೆಚ್ಚುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಅವರ ಮಾತು ಕೇಳುವವರು ಇನ್ನೂ ಕಡಿಮೆ.

ಚಿಂಚಲಿ ಮಾಯಕ್ಕನ ಜಾತ್ರೆಯ ವಾರ ಮತ್ತು ಕಬ್ಬಿನ ಬಿಲ್ ಆಗುವ ದಿನಗಳಲ್ಲಿ ನಾವು ದಿನವೂ ಕೂರುತ್ತೇವೆ. ಕುಡಿದಿದ್ದವರೂ ಬರಬಹುದು. ಆವತ್ತು ಮಾತಾಡದೆ ಸುಮ್ಮನೆ ಕೂತು ಕೇಳಲಿ. ಹೋಗುವಾಗ ಮನೆತನಕ ಒಬ್ಬರು ಜೊತೆಗೆ ಬರುತ್ತಾರೆ.