ಸರ್ಟೋಲಿ ಕೋಶ: ‘ಪೋಷಕ’ ಎಂಬ ಪದವನ್ನು ಬಿಡಿಸಿ ಹೇಳುವುದು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ‘ಮಾನವ ಸಂತಾನೋತ್ಪತ್ತಿ’ ಘಟಕದಲ್ಲಿ ಸರ್ಟೋಲಿ ಕೋಶದ ಬಗ್ಗೆ ಇರುವುದು ಒಂದೆರಡು ವಾಕ್ಯ ಮಾತ್ರ. ಮತ್ತಿಕೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠಾಭ್ಯಾಸ ಮಾಡುವಾಗ ಅದಕ್ಕೇ ಒಂದು ಅವಧಿ ಮೀಸಲಿಟ್ಟೆ.

ಪೂರ್ವಜ್ಞಾನ: ವೃಷಣದಿಂದ ವೀರ್ಯಾಣು, ಟೆಸ್ಟೋಸ್ಟಿರಾನ್ ಎರಡೂ ಬರುತ್ತವೆಂದು ಮಕ್ಕಳಿಗೆ ಗೊತ್ತು. ಆದರೆ ಎರಡೂ ಒಂದೇ ಕೆಲಸವೆಂದು ಭಾವಿಸಿರುತ್ತಾರೆ. ಗಡ್ಡಮೀಸೆ, ಗಟ್ಟಿದನಿ ಇದ್ದವನಲ್ಲಿ ಕೊರತೆಯೇ ಇರದು ಎಂಬ ನಂಬಿಕೆ ಮನೆಗಳಲ್ಲೂ ಇದೆ. ಮಕ್ಕಳಾಗದಿದ್ದರೆ ದೂರು ಹೆಂಡತಿಯ ಮೇಲೆ ಬೀಳುತ್ತದೆ. ಈ ಗ್ರಹಿಕೆಯನ್ನು ತಿದ್ದುವುದೇ ಪಾಠದ ಉದ್ದೇಶ.

ನಿರೂಪಣೆ: ಕಪ್ಪುಹಲಗೆಯ ಮೇಲೆ ವೀರ್ಯೋತ್ಪಾದಕ ನಳಿಕೆಯ ಅಡ್ಡಸೀಳಿಕೆ ಬರೆದೆ. ನಳಿಕೆಗಳ ನಡುವೆ, ಟೆಸ್ಟೋಸ್ಟಿರಾನ್ ಸ್ರವಿಸುವ ಲೈಡಿಗ್ ಕೋಶಗಳಿಗೆ ಕೆಂಪು ಸೀಮೆಸುಣ್ಣ. ನಳಿಕೆಯೊಳಗೆ ಗೋಡೆಯಿಂದ ನಡುವಿನ ಟೊಳ್ಳಿನವರೆಗೆ ಚಾಚಿದ ಸರ್ಟೋಲಿ ಕೋಶಗಳಿಗೆ ಹಳದಿ. ಇವನ್ನು 1865ರಲ್ಲಿ ವಿವರಿಸಿದವರು ಇಟಲಿಯ ಎನ್ರಿಕೊ ಸರ್ಟೋಲಿ.

‘ಪೋಷಕ’ ಎಂದರೆ ಊಟ ಹಾಕುವುದಷ್ಟೇ ಅಲ್ಲ. ಅಕ್ಕಪಕ್ಕದ ಸರ್ಟೋಲಿ ಕೋಶಗಳು ಬಿಗಿಯಾಗಿ ಬೆಸೆದು ತಡೆಗೋಡೆ ಕಟ್ಟುತ್ತವೆ. ವೀರ್ಯಾಣುಗಳು ಹುಟ್ಟತೊಡಗುವುದು ಹರೆಯದಲ್ಲಿ. ದೇಹದ ರಕ್ಷಣಾ ವ್ಯವಸ್ಥೆ ‘ತನ್ನವರು ಯಾರು’ ಎಂದು ಕಲಿಯುವುದು ಅದಕ್ಕೂ ಬಹಳ ಮೊದಲು. ಗೋಡೆ ಇಲ್ಲದಿದ್ದರೆ ಅದು ಇವನ್ನು ಪರಕೀಯವೆಂದು ಬಗೆದೀತು. ವೀರ್ಯಾಣು ಕಳಚಿದ ಉಳಿಕೆಯನ್ನು ನುಂಗಿ ಶುಚಿ ಮಾಡುವುದೂ, ಇನ್ಹಿಬಿನ್ ಸ್ರವಿಸಿ ಪಿಟ್ಯುಟರಿಗೆ ‘ಎಫ್‌ಎಸ್‌ಎಚ್ ಸಾಕು’ ಎಂದು ತಿಳಿಸುವುದೂ ಇದೇ ಕೋಶ.

ಉದಾಹರಣೆ: ಮತ್ತಿಕೆರೆಗೆ ಹೊಂದಿಕೊಂಡೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಗಂಡು ಕೋತಿಗಳಿಗೆ ಕುರಿಯ ಎಫ್‌ಎಸ್‌ಎಚ್‌ನ ಚುಚ್ಚುಮದ್ದು ಕೊಟ್ಟರು. ಅದರಿಂದ ಹುಟ್ಟಿದ ಪ್ರತಿಕಾಯಗಳು ಕೋತಿಯದೇ ಎಫ್‌ಎಸ್‌ಎಚ್ ಅನ್ನು ನಿಷ್ಕ್ರಿಯಗೊಳಿಸಿದವು. ವೃಷಣದಲ್ಲಿ ಈ ಹಾರ್ಮೋನಿನ ಆದೇಶ ಪಡೆಯುವುದು ಸರ್ಟೋಲಿ ಕೋಶ. ಆದ್ದರಿಂದ ವೀರ್ಯಾಣುಗಳು ಕುಸಿದವು. ಟೆಸ್ಟೋಸ್ಟಿರಾನ್ ಹಾಗೆಯೇ ಉಳಿಯಿತು. ಹಳದಿಗೆ ಪೆಟ್ಟು ಬಿದ್ದರೂ ಕೆಂಪಿಗೆ ಬೀಳಲಿಲ್ಲ ಎಂದೊಡನೆ ಚಿತ್ರದ ಎರಡು ಬಣ್ಣಗಳ ಅರ್ಥ ತರಗತಿಗೆ ಹೊಳೆಯಿತು.

ಮೌಲ್ಯಮಾಪನ: “ನಳಿಕೆಯಲ್ಲಿ ಸರ್ಟೋಲಿ ಕೋಶ ಮಾತ್ರ ಇದ್ದು, ವೀರ್ಯಾಣುವಾಗಬೇಕಾದ ಕೋಶಗಳೇ ಇಲ್ಲದಿದ್ದರೆ?” ಎಂದು ಕೇಳಿದೆ. ಇಂಥ ಸ್ಥಿತಿ 1947ರಿಂದಲೇ ವೈದ್ಯರಿಗೆ ತಿಳಿದಿದೆ. ದನಿ, ಗಡ್ಡ ಸಾಮಾನ್ಯವಾಗಿಯೇ ಇರಬಹುದು. ವೀರ್ಯಪರೀಕ್ಷೆ ಮಾಡಿಸದೆ ಗೊತ್ತಾಗದು. ಬಾಯಿಬಿಟ್ಟು ಉತ್ತರಿಸಲು ಸಂಕೋಚಪಡುವ ವಯಸ್ಸಾದ್ದರಿಂದ ಹೆಸರಿಲ್ಲದ ಚೀಟಿ ಬರೆಸಿದೆ. ಒಂದು ಚೀಟಿಯಲ್ಲಿ ಹೀಗಿತ್ತು: “ಹಾಗಾದರೆ ಪರೀಕ್ಷೆ ಇಬ್ಬರಿಗೂ ಆಗಬೇಕು.”

ಈ ಘಟಕ ಬೋಧಿಸುವ ಸಹಪಾಠಿಗಳಿಗೆ ಎರಡು ಸೂಚನೆ: ಹುಡುಗ ಹುಡುಗಿಯರನ್ನು ಬೇರೆ ಕೂರಿಸಬೇಡಿ, ಎರಡು ಬಣ್ಣದ ಸೀಮೆಸುಣ್ಣ ಮರೆಯಬೇಡಿ.